ಹಿಪ್‌ಹಾಪ್‌ನ ಹಗುರ ಪ್ರೇಮಗೀತೆ: ಸಲುಗೆ ಹುಟ್ಟುವ ಬಗೆ

ನ್ಯೂಯಾರ್ಕ್‌ನ ರ‍್ಯಾಪ್ ಕಲಾವಿದ ಬಿಜ್ ಮಾರ್ಕಿ 1989ರಲ್ಲಿ ಹೊರತಂದ 'ಜಸ್ಟ್ ಎ ಫ್ರೆಂಡ್' ಹಾಡನ್ನು ಮೊದಲ ಸಲ ಕೇಳುವವರಿಗೆ ಪಲ್ಲವಿ ಬಂದ ಕೂಡಲೇ ಎಲ್ಲೋ ಏನೋ ತಪ್ಪಿದೆ ಎನ್ನಿಸುತ್ತದೆ. ಅಲ್ಲಿಯವರೆಗೆ ಕಟ್ಟೆಯ ಮೇಲೆ ಕುಳಿತು ಕತೆ ಹೇಳುವ ಧಾಟಿಯಲ್ಲಿ ಸಾಗಿದ್ದ ಮಾತು ಇದ್ದಕ್ಕಿದ್ದಂತೆ ಹಾಡಾಗುತ್ತದೆ; ಮಾರ್ಕಿ ಗಂಟಲು ಬಿಚ್ಚುತ್ತಾರೆ, ಶ್ರುತಿ ಜಾರುತ್ತದೆ, ಮೇಲಿನ ಸ್ವರಗಳಲ್ಲಿ ಧ್ವನಿ ಒಡೆಯುತ್ತದೆ, ಆದರೂ ಅವರು ನಿಲ್ಲಿಸುವುದಿಲ್ಲ. ಆ ಪಲ್ಲವಿಯ ಧಾಟಿ ಅವರದಲ್ಲ, ಆಫ್ರಿಕನ್ ಅಮೆರಿಕನ್ನರ 'ಸೋಲ್' ಎಂಬ ಶೈಲಿಯ ಗಾಯಕ ಫ್ರೆಡಿ ಸ್ಕಾಟ್ 1968ರಲ್ಲಿ ಹಾಡಿದ ಗೀತೆಯಿಂದ ಎತ್ತಿಕೊಂಡದ್ದು. ಪಲ್ಲವಿಯನ್ನು ಹಾಡಬೇಕಾಗಿದ್ದವರು ಸ್ಟುಡಿಯೋಗೆ ಬರಲಿಲ್ಲವಾದ್ದರಿಂದ ತಾನೇ ಹಾಡಬೇಕಾಯಿತು ಎಂದು ಮಾರ್ಕಿ ಮುಂದೆ ಹೇಳಿಕೊಂಡಿದ್ದರು. ಹಾಗೆ ಉಳಿದುಹೋದ ಆ ಒಡಕು ಧ್ವನಿಯ ಹಾಡು 1990ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 9ನೇ ಸ್ಥಾನಕ್ಕೆ ಏರಿತು.

ಈ ಹಾಡಿನ ಕತೆ ಸಣ್ಣದು. ಒಬ್ಬ ಹುಡುಗ ಒಬ್ಬಳನ್ನು ಮೆಚ್ಚುತ್ತಾನೆ. ನಿನಗೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳುತ್ತಾನೆ. ಇರುವವನು ಬರೀ ಗೆಳೆಯ ಎಂಬ ಉತ್ತರವನ್ನು ನಂಬುತ್ತಾನೆ. ಒಂದು ದಿನ ಹೇಳದೆ ಅವಳ ಕಾಲೇಜಿಗೆ ಹೋಗಿ ಆ 'ಬರೀ ಗೆಳೆಯ' ಅವಳನ್ನು ಮುದ್ದಿಸುತ್ತಿರುವುದನ್ನು ನೋಡುತ್ತಾನೆ. ಕತೆಯಾಗಿ ಇದು ದುಃಖಾಂತ. ಆದರೆ ಹಾಡು ಮುಗಿದಾಗ ಕೇಳುಗನ ಮುಖದಲ್ಲಿರುವುದು ನಗು, ಅದೂ ಹುಡುಗನನ್ನು ಹೀಯಾಳಿಸುವ ನಗುವಲ್ಲ. ಸೋತವನ ಪಕ್ಕದಲ್ಲಿ ಕುಳಿತು ಹೆಗಲ ಮೇಲೆ ಕೈಹಾಕುವ ಸಲುಗೆ ಅದರಲ್ಲಿದೆ. ಈ ಸಲುಗೆಯೇ ಹಗುರ ಧಾಟಿಯ ಹಿಪ್‌ಹಾಪ್ ಪ್ರೇಮಗೀತೆಯ ಜೀವಾಳ. ಅದು ಸಾಹಿತ್ಯದಿಂದ ಮಾತ್ರ ಹುಟ್ಟುತ್ತದೆ ಎಂದು ಭಾವಿಸುವುದು ಸಾಮಾನ್ಯ. ನನ್ನ ತಿಳಿವಳಿಕೆಯಲ್ಲಿ ಅದರ ಬಹುಪಾಲು ಲಯದಲ್ಲಿ, ನಾದದ ಗುಣದಲ್ಲಿ ಮತ್ತು ಧ್ವನಿ ಮೈಕಿಗೆ ಎಷ್ಟು ಹತ್ತಿರವಿದೆ ಎಂಬಂಥ ಕುಶಲಕರ್ಮದ ಸಂಗತಿಗಳಲ್ಲಿದೆ.

ಹಿಪ್‌ಹಾಪ್ ಹುಟ್ಟಿದ್ದು ಪ್ರೇಮನಿವೇದನೆಗಲ್ಲ. 1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ, ಸೆಜ್‌ವಿಕ್ ಅವೆನ್ಯೂ 1520ನೇ ಸಂಖ್ಯೆಯ ವಸತಿ ಕಟ್ಟಡದಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಸಂತೋಷಕೂಟವನ್ನು ಅದರ ಜನ್ಮದಿನವೆಂದು ಎಣಿಸುವುದು ವಾಡಿಕೆ. ಹಳೆಯ ಫಂಕ್ ಹಾಡುಗಳಲ್ಲಿ ಬರೀ ಡ್ರಮ್ ಉಳಿಯುವ ಭಾಗವನ್ನು ಎರಡು ಗ್ರಾಮಫೋನ್ ತಟ್ಟೆಗಳ ಮೇಲೆ ಸರದಿಯಂತೆ ನುಡಿಸಿ, ಕುಣಿಯುವವರಿಗಾಗಿ ಆ ಭಾಗವನ್ನು ಹಿಗ್ಗಿಸುವುದು ಹರ್ಕ್ ಕಂಡುಕೊಂಡ ಉಪಾಯ. ಆ ಡ್ರಮ್ ಮೇಲೆ ಮಾತು ಪೋಣಿಸುತ್ತಿದ್ದವರ ಕೆಲಸ ಜನರನ್ನು ಹುರಿದುಂಬಿಸುವುದು, ತಮ್ಮನ್ನು ಕೊಂಡಾಡಿಕೊಳ್ಳುವುದು, ಎದುರಾಳಿಯನ್ನು ಮಾತಿನಲ್ಲಿ ಮಣಿಸುವುದು. ಹೀಗೆ ಜಂಬವೇ ಮೂಲಧನವಾಗಿದ್ದ ಕಲೆಯಲ್ಲಿ ಒಬ್ಬ ತನ್ನ ಅಳುಕನ್ನು ಒಪ್ಪಿಕೊಳ್ಳಬೇಕಾದರೆ ಅದಕ್ಕೊಂದು ದಾರಿ ಬೇಕಾಗಿತ್ತು. ಸ್ಪೂನಿ ಜೀ 1980ರಲ್ಲೇ ಪ್ರೇಮವನ್ನು ರ‍್ಯಾಪ್‌ನ ವಸ್ತುವಾಗಿಸಿದ್ದರು. 1987ರಲ್ಲಿ ಎಲ್‌ಎಲ್ ಕೂಲ್ ಜೆ ನಿಧಾನ ಲಯದ, ಪಿಸುಧ್ವನಿಯ, ಪೂರ್ತಿ ಗಂಭೀರವಾದ ಪ್ರೇಮಗೀತೆಯನ್ನು ಜನಪ್ರಿಯಗೊಳಿಸಿದರು. ಆದರೆ ಹಗುರ ಧಾಟಿಯ ಬೇರು ಇರುವುದು ಇವೆರಡರ ನಡುವಿನ ಒಂದು ಘಟನೆಯಲ್ಲಿ.

1984ರಲ್ಲಿ ಬ್ರೂಕ್ಲಿನ್‌ನ ಯುಟಿಎಫ್‌ಒ ತಂಡ ರಾಕ್ಸಾನ್ ಎಂಬ ಕಲ್ಪಿತ ಹುಡುಗಿಯನ್ನು ಒಲಿಸಲು ಮೂವರು ಯುವಕರು ಒಬ್ಬರ ನಂತರ ಒಬ್ಬರು ತಮ್ಮ ಬಲ್ಮೆಯನ್ನು ಬಣ್ಣಿಸಿ ಸೋಲುವ ಹಾಡನ್ನು ಹೊರತಂದಿತು. ಜಂಬವನ್ನು ಬಿಟ್ಟುಕೊಡದೆಯೇ ಅದನ್ನು ಸೋಲಿಸಿ ತೋರಿಸಿದ ಹಾಡು ಅದು. ಅದೇ ವರ್ಷ ಕ್ವೀನ್ಸ್‌ಬ್ರಿಜ್ ವಸತಿ ಸಮುಚ್ಚಯದ ಹದಿಹರೆಯದ ಹುಡುಗಿಯೊಬ್ಬಳು ರಾಕ್ಸಾನ್ ಶಾಂಟೆ ಎಂಬ ಹೆಸರು ತಳೆದು, ಸಂಗೀತ ನಿರ್ಮಾಪಕ ಮಾರ್ಲಿ ಮಾರ್ಲ್ ಅವರ ಧ್ವನಿಮುದ್ರಣದಲ್ಲಿ, ಆ ಮೂವರಿಗೂ ಮುಖ ಮುರಿಯುವಂಥ ಉತ್ತರ ಕೊಟ್ಟಳು. ಅದಕ್ಕೆ ಪ್ರತ್ಯುತ್ತರ, ಆ ಪ್ರತ್ಯುತ್ತರಕ್ಕೆ ಮತ್ತೊಂದು ಎಂದು ಹಾಡುಗಳ ಸಾಲೇ ಬಂದಿತು. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಗಂಡು ಮೇಲೋ ಹೆಣ್ಣು ಮೇಲೋ ಎಂದು ನಡೆಯುವ ಹರದೇಶಿ–ನಾಗೇಶಿ ವಾದವನ್ನು ಕೇಳಿದವರಿಗೆ ಇದರ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ. ಹೆಣ್ಣು ಪಕ್ಷಕ್ಕೂ ನಾಲಗೆಯಿದೆ, ಅದು ಎದುರು ಮಾತನಾಡಬಲ್ಲದು ಎಂಬ ಅರಿವು ಬಂದಮೇಲೆ ಗಂಡಿನ ನಿವೇದನೆಯ ಸ್ವರವೇ ಬದಲಾಗುತ್ತದೆ. ಅವನು ತನ್ನ ಜಂಬಕ್ಕೆ ತಾನೇ ನಗುವುದನ್ನು ಕಲಿಯುತ್ತಾನೆ.

ಇನ್ನು ಲಯದ ವಿಚಾರ. ಇಂಥ ಹಾಡುಗಳ ವೇಗ ಹೆಚ್ಚಾಗಿ ನಿಮಿಷಕ್ಕೆ 85ರಿಂದ 100 ಪೆಟ್ಟುಗಳ ಆಸುಪಾಸಿನಲ್ಲಿರುತ್ತದೆ. 90 ಎಂದು ಇಟ್ಟುಕೊಂಡರೆ ಒಂದು ಪೆಟ್ಟಿಗೆ ಸುಮಾರು 0.67 ಸೆಕೆಂಡು, ನಾಲ್ಕು ಪೆಟ್ಟುಗಳ ಒಂದು ಆವರ್ತಕ್ಕೆ, ಅಂದರೆ ರ‍್ಯಾಪ್ ಮಂದಿ 'ಬಾರ್' ಎನ್ನುವ ಅಳತೆಗೆ, ಸುಮಾರು 2.67 ಸೆಕೆಂಡು, ರೂಢಿಯ 16 ಬಾರ್‌ಗಳ ಚರಣಕ್ಕೆ ಮುಕ್ಕಾಲು ನಿಮಿಷಕ್ಕಿಂತ ತುಸು ಕಡಿಮೆ. ಆತುರವಿಲ್ಲದ ನಡಿಗೆಗೆ ಈ ವೇಗ ಹೊಂದುತ್ತದೆ, ಓಟಕ್ಕೆ ಹೊಂದುವುದಿಲ್ಲ. ಮೊದಲ ಮತ್ತು ಮೂರನೆಯ ಪೆಟ್ಟುಗಳ ಸುತ್ತ 'ಕಿಕ್' ಎಂಬ ದಪ್ಪ ಡ್ರಮ್ಮಿನ ಗುಮ್ಮನೆಯ ಸದ್ದು ಬೀಳುತ್ತದೆ. ಎರಡು ಮತ್ತು ನಾಲ್ಕನೆಯ ಪೆಟ್ಟುಗಳ ಮೇಲೆ 'ಸ್ನೇರ್' ಚಟ್ಟನೆ ಹೊಡೆಯುತ್ತದೆ. ಆದಿತಾಳಕ್ಕೆ ಕೈಹಾಕಿ ಬೆಳೆದ ನಮ್ಮ ಕಿವಿ ಸಮದ ಮೇಲೆ ಭಾರ ನಿರೀಕ್ಷಿಸುತ್ತದೆ. ಇಲ್ಲಿ ಸಮ ಬರೀ ನೆಲ. ಭಾರವೆಲ್ಲ ಎರಡು–ನಾಲ್ಕರ ಮೇಲೆ. ಹಾಗಾಗಿಯೇ ಈ ಸಂಗೀತಕ್ಕೆ ಕೇಳುಗರು ಪಾದ ತಟ್ಟುವುದಕ್ಕಿಂತ ಹೆಚ್ಚಾಗಿ ತಲೆ ತೂಗುತ್ತಾರೆ.

ಈ ಪೆಟ್ಟುಗಳು ಗಡಿಯಾರದಂತೆ ಸರಿಸಮ ಬಿದ್ದರೆ ಹಾಡು ಕವಾಯತಾಗುತ್ತದೆ. ಪ್ರತಿ ಅರ್ಧ ಪೆಟ್ಟಿನೊಳಗಿನ ಎರಡನೆಯ ಸದ್ದನ್ನು ತುಸು ತಡಮಾಡಿ ಅದನ್ನು ಸಡಿಲಿಸುವ ಉಪಾಯಕ್ಕೆ 'ಸ್ವಿಂಗ್' ಎಂದು ಹೆಸರು. ರೋಜರ್ ಲಿನ್ ಜಪಾನಿನ ಅಕಾಯ್ ಕಂಪನಿಗಾಗಿ ರೂಪಿಸಿ 1988ರಲ್ಲಿ ಮಾರುಕಟ್ಟೆಗೆ ಬಂದ, ಧ್ವನಿಗಳನ್ನು ತುಂಬಿಕೊಂಡು ಬೆರಳಿನಿಂದ ಬಾರಿಸುವ ಎಂಪಿಸಿ-60 ಯಂತ್ರದಲ್ಲಿ ಇದನ್ನು ಶೇ 50ರಿಂದ ಶೇ 75ರವರೆಗೆ ಹೊಂದಿಸಿಕೊಳ್ಳಬಹುದಾಗಿತ್ತು. ನಿಮಿಷಕ್ಕೆ 90 ಪೆಟ್ಟುಗಳ ವೇಗದಲ್ಲಿ ಅರ್ಧ ಪೆಟ್ಟಿನ ಅವಧಿ 333 ಮಿಲಿಸೆಕೆಂಡು. ಶೇ 50 ಎಂದರೆ ಅದು 167 ಮತ್ತು 167 ಎಂದು ಸಮಭಾಗವಾಗುತ್ತದೆ, ಇದು ನಾಲ್ಕರ ಎಣಿಕೆಯ ಶುದ್ಧ ಚತುರಶ್ರ ನಡೆ. ಶೇ 66ರ ಹೊತ್ತಿಗೆ ಮೊದಲ ಭಾಗ ಎರಡನೆಯದರ ಇಮ್ಮಡಿಯಾಗಿ ಬಹುಮಟ್ಟಿಗೆ ಮೂರರ ಎಣಿಕೆಯ ತಿಸ್ರ ನಡೆಯೇ ಆಗಿಬಿಡುತ್ತದೆ. ಶೇ 58ರಲ್ಲಿ 193 ಮತ್ತು 140 ಮಿಲಿಸೆಕೆಂಡು: ಚತುರಶ್ರವೂ ಅಲ್ಲ, ತಿಸ್ರವೂ ಅಲ್ಲ, ತಾಳದ ಸೊಲ್ಲುಗಳನ್ನು ಬಾಯಲ್ಲಿ ನುಡಿಯುವ ಕೊನ್ನಕ್ಕೋಲಿನಲ್ಲಿ ಹೇಳಿ ತೋರಿಸಲು ಬಾರದ ಒಂದು ತೂಗಾಟ. ಕೇವಲ 26 ಮಿಲಿಸೆಕೆಂಡಿನ ಈ ತಡವನ್ನು ಕಿವಿ ತಡವೆಂದು ಗುರುತಿಸುವುದಿಲ್ಲ, ಮೈ ಮಾತ್ರ ಗುರುತಿಸುತ್ತದೆ. ಹಗುರ ಎಂದು ನಾವು ಕರೆಯುವ ಭಾವದ ಒಂದು ದೊಡ್ಡ ಪಾಲು ಈ ತಡದೊಳಗೇ ಇದೆ ಎಂಬುದು ನನ್ನ ದೃಢ ನಂಬಿಕೆ.

ಡೆಟ್ರಾಯಿಟ್‌ನ ಸಂಗೀತ ನಿರ್ಮಾಪಕ ಜೆ ಡಿಲ್ಲಾ ಇದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ಬೆರಳಿನಿಂದ ಬಾರಿಸಿದ ಪೆಟ್ಟನ್ನು ಯಂತ್ರ ತಾನಾಗಿಯೇ ಹತ್ತಿರದ ಸರಿಯಾದ ತಾಳಸ್ಥಾನಕ್ಕೆ ಸರಿಸುವ ಸೌಲಭ್ಯವನ್ನು ಅವರು ಅನೇಕ ಸಲ ಬಳಸದೆ ಬಿಟ್ಟು, ಕೆಲವು ಪೆಟ್ಟುಗಳನ್ನು ಕೂದಲೆಳೆಯಷ್ಟು ಮುಂಚೆ, ಕೆಲವನ್ನು ಅಷ್ಟೇ ತಡವಾಗಿ ಇರಿಸುತ್ತಿದ್ದರು. ಒಂದೇ ಹಾಡಿನೊಳಗೆ ಒಂದು ವಾದ್ಯ ನೇರವಾಗಿಯೂ ಇನ್ನೊಂದು ತೂಗುತ್ತಲೂ ನಡೆಯುವ ಈ ರೀತಿ ಮುಂದೆ ಜಾಜ್ ಮತ್ತು ಸೋಲ್ ಡ್ರಮ್ ವಾದಕರ ಕೈಯನ್ನೇ ಬದಲಿಸಿತು. ಯಂತ್ರದ ಮೇಲೆ ಒಬ್ಬ ಮಾಡಿದ್ದನ್ನು ಮನುಷ್ಯರು ಡ್ರಮ್ಮಿನ ಮುಂದೆ ಕುಳಿತು ಅಭ್ಯಾಸ ಮಾಡತೊಡಗಿದರು. 2006ರ ಫೆಬ್ರವರಿಯಲ್ಲಿ, 32 ತುಂಬಿದ ಮೂರೇ ದಿನಗಳಲ್ಲಿ, ಡಿಲ್ಲಾ ತೀರಿಕೊಂಡರು. ಅವರ ಎಂಪಿಸಿ-3000 ಯಂತ್ರ ಇಂದು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಗೆ ಸೇರಿದ ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿ ವಸ್ತುಸಂಗ್ರಹಾಲಯದಲ್ಲಿದೆ.

ನಾದದ ಬೆಚ್ಚನೆಯ ಗುಣಕ್ಕೆ ಕಾರಣ ಇನ್ನೊಂದು ಯಂತ್ರ ಮತ್ತು ಅದರ ಬಡತನ. 1987ರ ಇ-ಮ್ಯು ಎಸ್‌ಪಿ-1200 ಯಂತ್ರದಲ್ಲಿ ಒಟ್ಟು ಹತ್ತು ಸೆಕೆಂಡುಗಳಷ್ಟು ಧ್ವನಿಯನ್ನು ಮಾತ್ರ ಹಿಡಿದಿಡಬಹುದಾಗಿತ್ತು. ಅದರ ಅಳತೆ 12 ಬಿಟ್, ಅಂದರೆ ಧ್ವನಿಯ ಏರಿಳಿತಕ್ಕೆ 4,096 ಮೆಟ್ಟಿಲುಗಳು, ಸಿ.ಡಿ.ಯಲ್ಲಿ ಅದು 65,536. ಸೆಕೆಂಡಿಗೆ ಸುಮಾರು 26,000 ಸಲ ಮಾತ್ರ ಧ್ವನಿಯನ್ನು ಅಳೆಯುತ್ತಿದ್ದುದರಿಂದ 13 ಕಿಲೋಹರ್ಟ್ಸ್‌ಗಿಂತ ಮೇಲಿನ ಮೊನಚು ಅದರಲ್ಲಿ ಉಳಿಯುತ್ತಲೇ ಇರಲಿಲ್ಲ. ಜಾಗ ಉಳಿಸಲೆಂದು ನಿರ್ಮಾಪಕರು ನಿಮಿಷಕ್ಕೆ 33 ಸುತ್ತಿನ ತಟ್ಟೆಯನ್ನು 45ರ ವೇಗದಲ್ಲಿ ಓಡಿಸಿ ತುಂಬಿಕೊಂಡು, ಆಮೇಲೆ ಯಂತ್ರದೊಳಗೆ ಅದನ್ನು ಮತ್ತೆ ನಿಧಾನಗೊಳಿಸುತ್ತಿದ್ದರು. ಹತ್ತು ಸೆಕೆಂಡಿನ ಜಾಗದಲ್ಲಿ ಹದಿಮೂರೂವರೆ ಸೆಕೆಂಡಿನ ಸಂಗೀತ ಹಿಡಿಯುತ್ತಿತ್ತು, ಜೊತೆಗೆ ಧ್ವನಿ ಇನ್ನಷ್ಟು ಒರಟಾಗಿ, ಮಂದವಾಗಿ, ಕಂಬಳಿ ಹೊದ್ದಂತೆ ಹೊರಬರುತ್ತಿತ್ತು. ಹಳೆಯ ತಟ್ಟೆಯ ಚಿಟಪಟ ಸದ್ದೂ ಅದರೊಂದಿಗೇ ಬರುತ್ತಿತ್ತು. ಯಾರದೋ ಮನೆಯ ಪಡಸಾಲೆಯಲ್ಲಿ ಹಿಂದೆಂದೋ ಕೇಳಿದ್ದೆವು ಎಂಬ ಭಾವವನ್ನು ಹೊಚ್ಚ ಹೊಸ ಹಾಡಿಗೂ ಕೊಡುವುದು ಈ ಮಬ್ಬು.

ಹೀಗೆ ಹಳೆಯ ಹಾಡುಗಳ ತಟ್ಟೆಗಳಿಂದ ಎರವಲು ತಂದ ತುಣುಕುಗಳ ಆಯ್ಕೆಯಲ್ಲೇ ಭಾವದ ನಿರ್ಧಾರವೂ ಇರುತ್ತದೆ. 1990ರಲ್ಲಿ ಕ್ವೀನ್ಸ್‌ನ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡ ತನ್ನ 'ಬೊನಿಟಾ ಆಪಲ್‌ಬಮ್' ಗೀತೆಗೆ 1970ರ ದಶಕದ ಮೃದುವಾದ ಸೋಲ್ ಸಂಗೀತವನ್ನೂ, ಷಿಕಾಗೋದ ರೋಟರಿ ಕನೆಕ್ಷನ್ ತಂಡದ ಹಳೆಯ ಹಾಡೊಂದರಿಂದ ಸಿತಾರಿನ ಎಳೆಯೊಂದನ್ನೂ ಆರಿಸಿಕೊಂಡಿತು. ಹುಡುಗಿಯ ಹೆಸರು ಹಿಡಿದು ಕರೆಯುವ ಧ್ವನಿಗಿಂತ ಮೊದಲೇ ಆ ಸಿತಾರು ಮನಸ್ಸಿನ ತುಂಟತನವನ್ನು ಹೇಳಿಬಿಟ್ಟಿರುತ್ತದೆ. ಆದರೆ ಎರವಲಿಗೂ ಲೆಕ್ಕವಿದೆ. 1991ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ, ಬಿಜ್ ಮಾರ್ಕಿ ಅವರೇ ಗಾಯಕ ಗಿಲ್ಬರ್ಟ್ ಒ'ಸಲಿವನ್ ಅವರ ಗೀತೆಯನ್ನು ಅನುಮತಿಯಿಲ್ಲದೆ ಬಳಸಿದ ಪ್ರಕರಣದಲ್ಲಿ, ಅವರ ವಿರುದ್ಧ ಕಟುವಾದ ತೀರ್ಪು ನೀಡಿತು. ಆಮೇಲೆ ಪ್ರತಿ ತುಣುಕಿಗೂ ಮೊದಲೇ ಅನುಮತಿ ಪಡೆಯುವುದು ಅನಿವಾರ್ಯವಾಯಿತು. 1993ರ ತಮ್ಮ ಆಲ್ಬಮ್ಮಿಗೆ ಮಾರ್ಕಿ ಕೊಟ್ಟ ಹೆಸರಿನ ಅರ್ಥ 'ಎಲ್ಲ ತುಣುಕುಗಳಿಗೂ ಅನುಮತಿ ಪಡೆದಿದೆ' ಎಂದು. ಹಲವು ಹಾಡುಗಳ ತುಣುಕುಗಳನ್ನು ಒಂದರ ಮೇಲೊಂದು ಹೇರುವುದು ದುಬಾರಿಯಾದ್ದರಿಂದ ಒಂದೇ ಹಾಡನ್ನು ಆರಿಸಿ ಅದರೊಳಗೇ ಮನೆ ಕಟ್ಟುವ ರೀತಿ ಹೆಚ್ಚಿತು.

ಆ ಮನೆಯೊಳಗಿನ ಸ್ವರಗಳು ಯಾವುವು? ಇಂಥ ಹಾಡುಗಳಲ್ಲಿ ಮತ್ತೆ ಮತ್ತೆ ಕೇಳಿಬರುವುದು 'ಮೇಜರ್ ಸೆವೆಂತ್' ಎಂಬ ಸ್ವರಗುಚ್ಛ. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಷಡ್ಜ, ಅಂತರ ಗಾಂಧಾರ, ಪಂಚಮ ಮತ್ತು ಕಾಕಲಿ ನಿಷಾದಗಳನ್ನು ಒಟ್ಟಿಗೆ ನುಡಿಸುವುದು. ಮೊದಲ ಮೂರು ಸೇರಿದರೆ ಹರ್ಷದ ಬಣ್ಣದ 'ಮೇಜರ್' ಗುಚ್ಛ; ಕೊನೆಯ ಮೂರು, ಅಂದರೆ ಗ–ಪ–ನಿ, ಸೇರಿದರೆ ವಿಷಾದದ ಬಣ್ಣದ 'ಮೈನರ್' ಗುಚ್ಛ. ಎರಡೂ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಕೇಳುಗನಿಗೆ ನಲಿವಿನೊಳಗೆ ಒಂದು ಸಣ್ಣ ನೋವು ಸದಾ ಇದ್ದಂತೆ ಭಾಸವಾಗುತ್ತದೆ. ಮೇಲಿನ ಷಡ್ಜಕ್ಕೆ ಒಂದೇ ಸ್ವರಸ್ಥಾನ ಕೆಳಗೆ ನಿಂತ ನಿಷಾದ ಏರಿ ಸೇರಿಕೊಳ್ಳಲು ಹಾತೊರೆಯುತ್ತದೆ, ಆದರೆ ಸೇರುವುದಿಲ್ಲ. ಒಲವು ಇನ್ನೂ ಒಪ್ಪಿಗೆಯಾಗದ ಹೊತ್ತಿಗೆ ಇದಕ್ಕಿಂತ ತಕ್ಕ ನಾದವನ್ನು ನಾನು ಊಹಿಸಲಾರೆ. ಇದನ್ನು ಹೆಚ್ಚಾಗಿ ನುಡಿಸುವುದು ರೋಡ್ಸ್ ಎಂಬ ವಿದ್ಯುತ್ ಪಿಯಾನೋದಲ್ಲಿ. ಅದರಲ್ಲಿ ಸುತ್ತಿಗೆ ತಂತಿಯನ್ನಲ್ಲ, ತೆಳುವಾದ ಉಕ್ಕಿನ ಕಡ್ಡಿಯನ್ನು ತಟ್ಟುತ್ತದೆ. ಮೆಲ್ಲಗೆ ತಟ್ಟಿದರೆ ಗಂಟೆಯಂತೆ ತಿಳಿಯಾಗಿಯೂ ಜೋರಾಗಿ ತಟ್ಟಿದರೆ ತುಸು ಗೊಗ್ಗರಾಗಿಯೂ ಕೇಳಿಸುತ್ತದೆ.

ಇಷ್ಟೆಲ್ಲ ಹಿನ್ನೆಲೆಯ ಮೇಲೆ ಬಂದು ಕೂರುವುದು ಮನುಷ್ಯನ ಮಾತು. ಕನ್ನಡ ಓದುಗರಿಗೆ ಅದರ ಹಂದರವನ್ನು ತೋರಿಸಲು ನಮ್ಮದೇ ಛಂದಸ್ಸು ನೆರವಾಗುತ್ತದೆ. ಒಂದು ಬಾರ್‌ನಲ್ಲಿ ನಾಲ್ಕು ಪೆಟ್ಟು, ಪ್ರತಿ ಪೆಟ್ಟಿನೊಳಗೆ ನಾಲ್ಕು ಸಣ್ಣ ಮನೆ, ಒಟ್ಟು ಹದಿನಾರು ಮನೆಗಳು. ಹರಿಹರ ಬಳಸಿದ ರಗಳೆಗಳ ಪೈಕಿ ಮಂದಾನಿಲ ರಗಳೆಯ ಸಾಲಿನಲ್ಲಿರುವುದೂ ನಾಲ್ಕು ಮಾತ್ರೆಯ ನಾಲ್ಕು ಗಣಗಳು, ಒಟ್ಟು ಹದಿನಾರು ಮಾತ್ರೆ. ಎರಡರ ನಡುವೆ ಚಾರಿತ್ರಿಕ ನಂಟೇನೂ ಇಲ್ಲ. ಲೆಕ್ಕ ಮಾತ್ರ ಕೂಡುತ್ತದೆ. ಉದಾಹರಣೆಗೆಂದು ನಾನೇ ಕಟ್ಟಿದ ಎರಡು ಸಾಲುಗಳನ್ನು ನೋಡಬಹುದು:

ಬಸ್ಸಲಿ ನೀನೋ ಕಿಟಕಿಯ ಹತ್ತಿರ
ಕೇಳಲು ಬಂದೆನು ಒಂದೇ ಉತ್ತರ

ನಿಮಿಷಕ್ಕೆ 90 ಪೆಟ್ಟುಗಳ ವೇಗದಲ್ಲಿ ಒಂದು ಮಾತ್ರೆಗೆ ಸೆಕೆಂಡಿನ ಆರನೆಯ ಒಂದು ಭಾಗ. ಇದನ್ನು ತಾಳಕ್ಕೆ ಹೊಂದಿಸಿ ಹೇಳಿದರೆ ಮೊದಲ ಸಾಲಿನಲ್ಲಿ ಸ್ನೇರ್ ಪೆಟ್ಟು 'ನೀನೋ' ಎಂಬುದರ ಮೊದಲಕ್ಷರದ ಮೇಲೂ 'ಹತ್ತಿರ'ದ ಮೊದಲಕ್ಷರದ ಮೇಲೂ ಬೀಳುತ್ತದೆ. ಎರಡನೆಯ ಸಾಲಿನಲ್ಲಿ 'ಬಂದೆನು' ಮತ್ತು 'ಉತ್ತರ'ಗಳ ಮೇಲೆ. ಅಂತ್ಯಪ್ರಾಸ ನಾಲ್ಕನೆಯ ಪೆಟ್ಟಿನಲ್ಲಿ ಸ್ನೇರ್‌ನೊಂದಿಗೆ ಬೆಸೆದುಕೊಳ್ಳುತ್ತದೆ. ರ‍್ಯಾಪ್‌ನ ಪ್ರಾಸಕ್ಕೆ ಬಲ ಬರುವುದು ಈ ಬೆಸುಗೆಯಿಂದ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅದು ಮಗ್ಗಿ ಒಪ್ಪಿಸಿದಂತಾಗುತ್ತದೆ. ನುರಿತ ರ‍್ಯಾಪರ್ ಸಾಲನ್ನು ಎರಡು ಮಾತ್ರೆ ತಡವಾಗಿ ಎತ್ತಿಕೊಳ್ಳುತ್ತಾನೆ, ಆ ನಷ್ಟವನ್ನು ತುಂಬಲು ನಡುವೆ ಒಂದೆರಡು ಅಕ್ಷರಗಳನ್ನು ಒತ್ತೊತ್ತಾಗಿ ಬೇಗ ಹೇಳುತ್ತಾನೆ, ಕೊನೆಯ ಪದವನ್ನು ಪೆಟ್ಟಿನ ಮೇಲೆ ಇಳಿಸದೆ ಅದರ ಹಿಂದೆಯೇ ಇಳಿಸುತ್ತಾನೆ. ಕೆಳಗಿನ ತಾಳ ಒಂದಿಷ್ಟೂ ಕದಲದೆ ಇರುವುದರಿಂದಲೇ ಮೇಲಿನ ಈ ತಡವರಿಕೆ ತಪ್ಪಾಗಿ ಕೇಳಿಸದೆ ನಾಚಿಕೆಯಾಗಿ, ಹಿಂಜರಿಕೆಯಾಗಿ, ತುಂಟತನವಾಗಿ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಒತ್ತು ಬೀಳುವ ಅಕ್ಷರವನ್ನು ಹಿಂದುಮುಂದು ಮಾಡಿ ಇದನ್ನು ಸಾಧಿಸುತ್ತಾರೆ. ಕನ್ನಡದಲ್ಲಿ ಲಘು–ಗುರುಗಳ ಅಳತೆ ಭಾಷೆಯಲ್ಲೇ ಗಟ್ಟಿಯಾಗಿರುವುದರಿಂದ ಎಳೆಯಲು ಕಷ್ಟ, ಆದರೆ ಒತ್ತಕ್ಷರಗಳು ತಾವೇ ಡ್ರಮ್ಮಿನಂತೆ ಬಡಿಯುತ್ತವೆ. ಚಂದನ್ ಶೆಟ್ಟಿ, ಆಲ್ ಓಕೆ ಮುಂತಾದವರ ಮೂಲಕ ಮನೆಮಾತಾದ ಕನ್ನಡ ರ‍್ಯಾಪ್ ಅನ್ನು ಕಿವಿಗೊಟ್ಟು ಕೇಳಿದರೆ ದ್ವಿತ್ವಾಕ್ಷರದ ಈ ಬಡಿತ ಎದ್ದು ಕೇಳಿಸುತ್ತದೆ.

ಮೈಕಿನ ದೂರವೂ ಭಾವವನ್ನು ನಿರ್ಧರಿಸುತ್ತದೆ. ಸ್ಟುಡಿಯೋಗಳಲ್ಲಿ ಬಳಸುವ, ಒಂದೇ ದಿಕ್ಕಿನ ಧ್ವನಿಯನ್ನು ಹೆಚ್ಚಾಗಿ ಹಿಡಿಯುವ ಮೈಕಿಗೆ ಬಾಯಿ ಹತ್ತಿರವಾದಷ್ಟೂ ಧ್ವನಿಯ ಮಂದ್ರ ಭಾಗ ಹಿಗ್ಗುತ್ತದೆ. ಪ್ರತಿಧ್ವನಿ ಸೇರಿಸದೆ ಹಾಗೆಯೇ ಬಿಟ್ಟರೆ, ಮಾತನಾಡುವವನು ಪಕ್ಕದ ಕುರ್ಚಿಯಲ್ಲೇ ಇದ್ದಾನೆ ಎನ್ನಿಸುತ್ತದೆ. ಗಂಭೀರ ಪ್ರೇಮಗೀತೆಗಳಲ್ಲಿ ದೇವಸ್ಥಾನದ ಪ್ರಾಕಾರದಷ್ಟು ದೊಡ್ಡ ಪ್ರತಿಧ್ವನಿ ಇರುತ್ತದೆ. ಹಗುರ ಗೀತೆಗೆ ಒಂದು ಸಣ್ಣ ಕೋಣೆ ಸಾಕು.

ಈ ಎಲ್ಲ ಎಳೆಗಳೂ ಒಂದೆಡೆ ಸೇರಿರುವುದನ್ನು ಕೇಳಬೇಕೆನ್ನುವವರಿಗೆ ನಾನು ಸೂಚಿಸುವುದು ಷಿಕಾಗೋದ ರ‍್ಯಾಪರ್ ಕಾಮನ್ 2000ದಲ್ಲಿ ಹೊರತಂದ 'ದ ಲೈಟ್' ಹಾಡನ್ನು. ಸಂಗೀತ ಜೆ ಡಿಲ್ಲಾ ಅವರದು. ಎರವಲು ಬಾಬಿ ಕಾಲ್ಡ್‌ವೆಲ್ ಅವರ 1980ರ ಗೀತೆಯದು. ಕಾಮನ್ ಇದನ್ನು ಬರೆದದ್ದು ಗಾಯಕಿ ಎರಿಕಾ ಬಡು ಅವರನ್ನು ಮನಸ್ಸಿನಲ್ಲಿಟ್ಟುಕೊಂಡು. ಮುಗಿಲು–ಚಂದ್ರರ ಮೊರೆಹೋಗದೆ, ಕಾಗದ ಬರೆದಷ್ಟು ಸರಳವಾಗಿ, ಅವರು ತಮ್ಮ ಮಾತನ್ನು ನೇರವಾಗಿ ಆಕೆಯ ಮುಂದಿಡುತ್ತಾರೆ. ರ‍್ಯಾಪ್‌ನಲ್ಲಿ ಹೆಂಗಸರಿಗೆ ಬಳಕೆಯಾಗುತ್ತಿದ್ದ ಹೀನ ಪದದಿಂದ ನಿನ್ನನ್ನು ಎಂದೂ ಕರೆಯುವುದಿಲ್ಲ ಎಂಬ ಮಾತನ್ನೂ ಹಾಡಿನ ನಡುವೆ, ಧ್ವನಿ ಏರಿಸದೆ, ಹೇಳುತ್ತಾರೆ. ತನ್ನ ವೃತ್ತಿಯವರೇ ಹಗುರವಾಗಿ ಆಡುತ್ತಿದ್ದ ಮಾತೊಂದರ ಭಾರವನ್ನು ಅರಿತು ಅದನ್ನು ಕೈಬಿಟ್ಟದ್ದರಿಂದಲೇ ಈ ಹಾಡಿನ ಸಲುಗೆಗೆ ಗೌರವದ ತಳಪಾಯ ಸಿಕ್ಕಿತು. ಪಲ್ಲವಿಯಲ್ಲಿ ಅವರು ತಾವು ಹಾಡುವುದೇ ಇಲ್ಲ; ಇಪ್ಪತ್ತು ವರ್ಷ ಹಳೆಯ ಕಾಲ್ಡ್‌ವೆಲ್ ಧ್ವನಿಗೆ ಜಾಗ ಬಿಟ್ಟುಕೊಡುತ್ತಾರೆ. ಮಾತನಾಡುವವನಿಗೆ ಹಾಡಲು ಬರುವುದಿಲ್ಲ ಎಂಬ ಕೊರತೆಯನ್ನು ಬಿಜ್ ಮಾರ್ಕಿ ಒಡಕು ಧ್ವನಿಯಿಂದ ದಾಟಿದರೆ, ಕಾಮನ್ ಇನ್ನೊಬ್ಬರ ಕಂಠದ ನೆರವಿನಿಂದ ದಾಟುತ್ತಾರೆ.

ಹಿನ್ನೆಲೆಯ ತುಣುಕು ಸುತ್ತಿ ಸುತ್ತಿ ತನ್ನಲ್ಲಿಗೇ ಮರಳುವಂಥದ್ದಾದ್ದರಿಂದ ಇಂಥ ಹಾಡುಗಳಿಗೆ ಮುಕ್ತಾಯದ ಸ್ವರವೇ ಇರುವುದಿಲ್ಲ. ನಮ್ಮ ಕಛೇರಿಯಲ್ಲಿ ತೀರ್ಮಾನ ನುಡಿಸಿ ಸಮಕ್ಕೆ ಬಂದು ನಿಲ್ಲುವಂಥ ಘಟ್ಟ ಇಲ್ಲಿಲ್ಲ. ಕೊನೆಯ ಚರಣದ ಮಾತು ಮುಗಿದ ಮೇಲೂ ಡ್ರಮ್ ಮತ್ತು ಪಿಯಾನೋ ಕೆಲವು ಸುತ್ತು ತಮ್ಮಷ್ಟಕ್ಕೆ ನಡೆಯುತ್ತವೆ, ಹಿಂದಿನಿಂದ ಯಾರೋ ಒಂದೆರಡು ಪದ ಗೊಣಗುತ್ತಾರೆ, ಆಮೇಲೆ ಧ್ವನಿ ಮೆಲ್ಲನೆ ತಗ್ಗುತ್ತ ಹೋಗುತ್ತದೆ, ಷಡ್ಜವನ್ನು ಸೇರದ ನಿಷಾದವೂ ಅದರ ಜೊತೆಗೇ.